ಉಂಗುರ ಕಂಡರೆ ಸಾಲದು: ಕಾಲೇಜು ಲ್ಯಾಬಿನಲ್ಲಿ ಸುಳಿ ಕಿರಣ ಮಾಡುವ, ಅದು ಸುಳಿಯೇ ಎಂದು ಖಚಿತ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎಂಎಸ್ಸಿ ಪ್ರಾಜೆಕ್ಟಿಗೆ ವೋರ್ಟೆಕ್ಸ್ ಬೀಮ್, ಅಂದರೆ ಸುಳಿ ಕಿರಣ, ಮಾಡಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಫೋರ್ಕ್ ಗ್ರೇಟಿಂಗ್ (ನಟ್ಟನಡುವೆ ಒಂದು ಗೆರೆ ಕವಲೊಡೆಯುವ, ಸಾಲು ಗೆರೆಗಳ ಚಿತ್ರ) ಪ್ರಿಂಟ್ ಹಾಕಿಸಿದೆವು, ಲೇಸರ್ ಹಾಯಿಸಿದೆವು, ಗೋಡೆಯ ಮೇಲೆ ಏನೋ ಮಸುಕು ಚುಕ್ಕೆ ಬಂತು, ಉಂಗುರ ಬರಲಿಲ್ಲ. ಇನ್ನು ಕೆಲವರಿಗೆ ಉಂಗುರ ಬಂದಿರುತ್ತದೆ. ಫೋಟೋ ತೆಗೆದು ರಿಪೋರ್ಟಿಗೂ ಅಂಟಿಸಿರುತ್ತಾರೆ. ವೈವಾದಲ್ಲಿ ‘ಇದು ಸುಳಿಯೇ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಎರಡೂ ಕಡೆ ತಪ್ಪು ಸಾಮಾನ್ಯವಾಗಿ ಗ್ರೇಟಿಂಗ್‌ನದ್ದಲ್ಲ, ಕ್ರಮದ್ದು. ಕಿರಣ ಶುಚಿಯಾಗುವ ಮೊದಲೇ ಗ್ರೇಟಿಂಗ್ ಇಡುತ್ತಾರೆ. ಉಂಗುರ ಕಂಡ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಇಲ್ಲಿ ಕೊಟ್ಟಿರುವ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಸುಳಿ ಕಿರಣ ಅಂದರೆ ಇಷ್ಟು. ಸಮಾಂತರವಾಗಿ ಹೋಗುವ ಮಾಮೂಲಿ ಲೇಸರ್ ಕಿರಣವನ್ನು ಅಡ್ಡ ಕತ್ತರಿಸಿ ನೋಡಿದರೆ ಎಲ್ಲ ಕಡೆ ಫೇಸ್, ಅಂದರೆ ಬೆಳಕಿನ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು, ಒಂದೇ. ಸುಳಿ ಕಿರಣದಲ್ಲಿ ಹಾಗಲ್ಲ. ನಡುಬಿಂದುವಿನ ಸುತ್ತ ಒಂದು ಸುತ್ತು ಬಂದರೆ ಫೇಸ್ 360 ಡಿಗ್ರಿ ಏರಿರುತ್ತದೆ, ಸುತ್ತು ಮೆಟ್ಟಿಲು ಹತ್ತಿದ ಹಾಗೆ. ನಟ್ಟನಡುವೆ ಫೇಸ್‌ಗೆ ಯಾವ ಬೆಲೆಯನ್ನೂ ಕೊಡಲು ಆಗುವುದಿಲ್ಲ. ಅದಕ್ಕೇ ಅಲ್ಲಿ ಬೆಳಕು ಸೊನ್ನೆ ಆಗಲೇಬೇಕು. ಒಂದು ಸುತ್ತಿಗೆ ಎಷ್ಟು ಸಲ 360 ಡಿಗ್ರಿ ಏರುತ್ತದೋ ಅದು ಆ ಸುಳಿಯ ಚಾರ್ಜ್. ಉಂಗುರ ಬರುವುದು ಈ ಫೇಸ್‌ನಿಂದ. ಆದರೆ ಬೇರೆ ಹತ್ತು ಕಾರಣಕ್ಕೂ ಉಂಗುರ ಬರುತ್ತದೆ. ಹುಡುಕಬೇಕಾದ್ದು ಫೇಸನ್ನು.

## ಬೇಕಾಗುವ ಸಾಮಾನು

ಲೇಸರ್: 1ರಿಂದ 2 ಮಿಲಿವ್ಯಾಟ್‌ನ ಹೀಲಿಯಂ-ನಿಯಾನ್ ಇದ್ದರೆ ಬೇರೆ ಹುಡುಕಬೇಡಿ. ಮುಂದೆ ಬರುವ ಲೆಕ್ಕವೆಲ್ಲ ಅದರ 632.8 ನ್ಯಾನೋಮೀಟರ್ ತರಂಗಕ್ಕೆ, 0.8 ಮಿ.ಮೀ. ಅಗಲದ ಕಿರಣಕ್ಕೆ. ಡಯೋಡ್ ಲೇಸರ್‌ನ ಕಿರಣ ಮೊಟ್ಟೆಯಾಕಾರ ಇರುತ್ತದೆ. ಪಿನ್‌ಹೋಲ್ ಇಲ್ಲದೆ ಅದರಲ್ಲಿ ಕೈ ಹಾಕಬೇಡಿ.

ಕಿರಣ ಶುಚಿ ಮಾಡಲು 10 ಎಕ್ಸ್ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್, 25 ಮೈಕ್ರಾನ್ ಪಿನ್‌ಹೋಲ್. ಆಮೇಲೆ 150 ಮಿ.ಮೀ. ಫೋಕಲ್ ಲೆಂತ್‌ನ ಲೆನ್ಸ್ ಒಂದು, 1 ಮೀಟರ್‌ನದ್ದು ಇನ್ನೊಂದು. ಎರಡನೆಯದು ಲ್ಯಾಬಿನಲ್ಲಿ ಇಲ್ಲವಾದರೆ ಕನ್ನಡಕದ ಅಂಗಡಿಗೆ ಹೋಗಿ +1 ಪವರ್‌ನ ಲೆನ್ಸ್ ಕೇಳಿ. ಫೋಕಲ್ ಲೆಂತ್ ಸರಿಯಾಗಿ 1 ಮೀಟರ್. ‘ಸಿಲಿಂಡರ್ ಪವರ್ ಬೇಡ, ಬೈಫೋಕಲ್ ಬೇಡ’ ಎಂದು ಒತ್ತಿ ಹೇಳಿ.

ಗ್ರೇಟಿಂಗ್ ಅಚ್ಚಾದ ಫಿಲ್ಮ್ ಹಿಡಿದು ಸರಿಸಲು ಸ್ಟೇಜ್ ಬೇಕು. ಅದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಡಿಗ್ರಿ ಲ್ಯಾಬಿನಲ್ಲಿ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇದ್ದೇ ಇರುತ್ತದೆ. ಅದರ ಗಾಡಿಗೆ ಫಿಲ್ಮ್ ಚೌಕಟ್ಟು ಕಟ್ಟಿದರೆ ಮೇಲೆ-ಕೆಳಗೆ, ಎಡ-ಬಲ ಎರಡೂ ಕಡೆ 0.01 ಮಿ.ಮೀ.ವರೆಗೆ ಓದಿಕೊಂಡು ಸರಿಸಬಹುದು.

ನೋಡಲು ಹಳೆಯ ವೆಬ್‌ಕ್ಯಾಮ್ ಸಾಕು, ಮುಂದಿನ ಲೆನ್ಸ್ ಬಿಚ್ಚಿರಬೇಕು ಅಷ್ಟೇ. ಬೆಳಕು ತಗ್ಗಿಸಲು ಎರಡು ಪೋಲರಾಯ್ಡ್ ತುಂಡು ಅಥವಾ ಎನ್‌ಡಿ ಫಿಲ್ಟರ್. ಪೋಲರಾಯ್ಡ್ ಆದರೆ ಫಿಲ್ಮ್‌ಗಿಂತ ಮುಂಚೆ ಇಡಿ. ಪ್ಲಾಸ್ಟಿಕ್ ಫಿಲ್ಮ್ ಪೋಲರೈಸೇಷನ್ ಅನ್ನು ಅಲ್ಲಲ್ಲಿ ಬೇರೆ ಬೇರೆ ಥರ ತಿರುಗಿಸುತ್ತದೆ. ಅದರ ಹಿಂದೆ ಪೋಲರಾಯ್ಡ್ ಇಟ್ಟರೆ ಉಂಗುರದ ಮೇಲೆ ಪಟ್ಟೆ ಬರುತ್ತದೆ, ತಪ್ಪು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

## ಕಣ್ಣಿನ ವಿಷಯ

ಕಿರಣದ ಎತ್ತರ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಬರಬಾರದು. ವಾಚು, ಬಳೆ, ಉಂಗುರ ತೆಗೆದಿಡಿ. ಫಿಲ್ಮ್ ಕೂಡ ಹೊಳೆಯುವ ಸಾಮಾನೇ. ಅದರಿಂದ ವಾಪಸ್ ಬರುವ ಬೆಳಕು ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲಿ ಕಪ್ಪು ಕಾಗದ ನಿಲ್ಲಿಸಿ. ಕೋಣೆ ಪೂರ್ತಿ ಕತ್ತಲು ಮಾಡಬೇಡಿ, ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಅಗ್ಗದ ಹಸಿರು ಪಾಯಿಂಟರ್ ಬಳಸಲೇಬೇಡಿ. ಅದರೊಳಗಿನ 808 ಮತ್ತು 1064 ನ್ಯಾನೋಮೀಟರ್ ಬೆಳಕು ಹಸಿರಿನ ಜೊತೆ ಹೊರಗೆ ಸೋರುವುದುಂಟು. ಅದು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಮಾಡುತ್ತದೆ.

## ಹಂತ 1: ಕಿರಣ ಶುಚಿ ಮಾಡಿ

ಲೇಸರ್ ಹಾಕಿ 15–20 ನಿಮಿಷ ಬಿಡಿ. ಬಿಸಿ ಏರುವಾಗ ಬೆಳಕು ಏರಿಳಿಯುತ್ತದೆ, ಪೋಲರಾಯ್ಡ್ ಇಟ್ಟಿದ್ದರೆ ಇನ್ನೂ ಜಾಸ್ತಿ.

ಆಬ್ಜೆಕ್ಟಿವ್ ಇಡುವ ಮೊದಲು ಬರೀ ಕಿರಣ ಗೋಡೆಗೆ ತಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಈಗ ಆಬ್ಜೆಕ್ಟಿವ್ ಇಡಿ. ಹರಡಿದ ಬೆಳಕಿನ ನಡು ಅದೇ ಗುರುತಿನ ಮೇಲೆ ಬರುವ ತನಕ ಆಬ್ಜೆಕ್ಟಿವ್ ಸರಿಸಿ. ಇದನ್ನು ಬಿಟ್ಟು ನೇರ ಪಿನ್‌ಹೋಲ್‌ಗೆ ಹೋದವರು ಇಡೀ ಮಧ್ಯಾಹ್ನ ಕಳೆಯುತ್ತಾರೆ.

ಪಿನ್‌ಹೋಲನ್ನು ಮೊದಲೇ ಫೋಕಸ್‌ನಲ್ಲಿ ಇಡಬೇಡಿ. ಕೆಲವು ಮಿ.ಮೀ. ಹಿಂದೆ ಇಡಿ. ಅಲ್ಲಿ ಕಿರಣ ಅಗಲ ಇರುವುದರಿಂದ ಸ್ವಲ್ಪವಾದರೂ ಬೆಳಕು ತೂರುತ್ತದೆ. ಎಡ-ಬಲ, ಮೇಲೆ-ಕೆಳಗೆ ತಿರುಗಿಸಿ ಅತಿ ಹೆಚ್ಚು ಬೆಳಕು ಬರುವಂತೆ ಮಾಡಿ. ಆಮೇಲೆ ಚೂರೇ ಚೂರು ಫೋಕಸ್ ಕಡೆ ತನ್ನಿ. ಬೆಳಕು ಮಂಕಾಗುತ್ತದೆ, ಮತ್ತೆ ಹೆಚ್ಚಿಸಿಕೊಳ್ಳಿ. ಮತ್ತೆ ಚೂರು ಮುಂದೆ. ಹೀಗೆ ಹೋಗುತ್ತ ಒಂದು ಹಂತದಲ್ಲಿ ಗೋಡೆಯ ಮೇಲಿನ ಧೂಳಿನ ಸುರುಳಿಗಳೆಲ್ಲ ಮಾಯವಾಗಿ ನಯವಾದ ಕೆಂಪು ತಟ್ಟೆ ಉಳಿಯುತ್ತದೆ.

ಪಿನ್‌ಹೋಲ್ 25 ಮೈಕ್ರಾನ್ ಯಾಕೆ? 10 ಎಕ್ಸ್ ಆಬ್ಜೆಕ್ಟಿವ್‌ನ ಫೋಕಲ್ ಲೆಂತ್ ಸುಮಾರು 16 ಮಿ.ಮೀ. ಅಲ್ಲಿ ಈ ಕಿರಣ 16 ಮೈಕ್ರಾನ್ ಅಗಲಕ್ಕೆ ಕೂಡಿಕೊಳ್ಳುತ್ತದೆ. ಪಿನ್‌ಹೋಲ್ ಅದರ ಒಂದೂವರೆ ಪಟ್ಟು ಇದ್ದರೆ ಗಾಸಿಯನ್ ಭಾಗ (ನಡುವೆ ಜೋರಾಗಿದ್ದು ಅಂಚಿಗೆ ನಯವಾಗಿ ಇಳಿಯುವ ಶುಚಿ ಬೆಳಕು) ಹಾಯುತ್ತದೆ, ಕಸ ಹೊರಗುಳಿಯುತ್ತದೆ. 40 ಎಕ್ಸ್ ಆಬ್ಜೆಕ್ಟಿವ್‌ಗೆ ಇದೇ ಪಿನ್‌ಹೋಲ್ ಹಾಕಿದರೆ ಕಸವೂ ಹಾಯುತ್ತದೆ.

ಎಚ್ಚರದ ಗುರುತು: ಪಿನ್‌ಹೋಲ್ ಫೋಕಸ್‌ನಿಂದ ಸ್ವಲ್ಪ ಆಚೀಚೆ ಇದ್ದರೆ ನಡುವೆ ಕಪ್ಪು ಚುಕ್ಕೆ ಇರುವ ಉಂಗುರ ಕಾಣಬಹುದು. ಗ್ರೇಟಿಂಗ್ ಇನ್ನೂ ಇಟ್ಟೇ ಇಲ್ಲ, ಆಗಲೇ ಉಂಗುರ! ಎಷ್ಟೋ ರಿಪೋರ್ಟುಗಳ ‘ಸುಳಿ’ ಹುಟ್ಟುವುದು ಇಲ್ಲೇ.

## ಹಂತ 2: ಹಿಗ್ಗಿಸಿ, ಸಮಾಂತರ ಮಾಡಿ

150 ಮಿ.ಮೀ. ಲೆನ್ಸನ್ನು ಪಿನ್‌ಹೋಲ್‌ನಿಂದ 150 ಮಿ.ಮೀ. ದೂರದಲ್ಲಿ ಇಡಿ. 0.8 ಮಿ.ಮೀ. ಇದ್ದ ಕಿರಣ ಸುಮಾರು 7.5 ಮಿ.ಮೀ. ಆಗುತ್ತದೆ.

ಹಿಗ್ಗಿಸದೆ ಬಿಟ್ಟರೆ ಏನಾಗುತ್ತದೆ? 0.8 ಮಿ.ಮೀ. ಕಿರಣದೊಳಗೆ 100 ಮೈಕ್ರಾನ್ ಅಂತರದ ಗೆರೆಗಳು ಎಂಟೇ ಬೀಳುತ್ತವೆ. ಸಾಮಾನ್ಯ ಲೇಸರ್ ಪ್ರಿಂಟರ್‌ನ 200 ಮೈಕ್ರಾನ್ ಗೆರೆಯಾದರೆ ನಾಲ್ಕು. ನಾಲ್ಕು ಗೆರೆಯಿಂದ ಆರ್ಡರ್‌ಗಳು, ಅಂದರೆ ಗ್ರೇಟಿಂಗ್ ಬೇರೆ ಬೇರೆ ಕೋನಕ್ಕೆ ಕಳಿಸುವ ಕಿರಣಗಳು, ಬಿಡಿಬಿಡಿಯಾಗಿ ಬೇರೆಯಾಗುವುದಿಲ್ಲ. ‘ಮಸುಕು ಚುಕ್ಕೆ’ ದೂರಿನ ಅರ್ಧಕ್ಕರ್ಧ ಕಾರಣ ಇದು.

ಸಮಾಂತರ ಆಗಿದೆಯೇ ಎಂದು ನೋಡಲು ಕನ್ನಡಿ ಇಟ್ಟು ಕಿರಣವನ್ನು 5–6 ಮೀಟರ್ ಓಡಿಸಿ, ಅಗಲವನ್ನು ಗ್ರಾಫ್ ಕಾಗದದ ಮೇಲೆ ಅಳೆಯಿರಿ. ಇಷ್ಟು ಅಗಲದ ಕಿರಣ ಇಷ್ಟು ದೂರದಲ್ಲಿ ಕಣ್ಣಿಗೆ ಕಾಣುವಷ್ಟು ಹರಡಬಾರದು. ಹರಡಿದರೆ ಲೆನ್ಸ್ ಸರಿಸಿ.

## ಹಂತ 3: ಗ್ರೇಟಿಂಗ್ ಚಿತ್ರ, ಫಿಲ್ಮ್

ಪ್ರೋಗ್ರಾಂ ಚಿಕ್ಕದು. 1000ಕ್ಕೆ 1000 ಪಿಕ್ಸೆಲ್‌ನ ಚೌಕ ತೆಗೆದುಕೊಳ್ಳಿ. ನಡುವನ್ನು ಸೊನ್ನೆ ಎಂದಿಟ್ಟುಕೊಂಡು ಪ್ರತಿ ಪಿಕ್ಸೆಲ್‌ಗೆ ಎರಡು ಲೆಕ್ಕ ಮಾಡಿ. ಮೊದಲನೆಯದು, ಅಡ್ಡ ದೂರವನ್ನು 10ರಿಂದ ಭಾಗಿಸಿದ್ದು. ಎರಡನೆಯದು, ನಡುವಿನಿಂದ ನೋಡಿದಾಗ ಆ ಪಿಕ್ಸೆಲ್ ಇರುವ ಕೋನವನ್ನು 360ರಿಂದ ಭಾಗಿಸಿ ಚಾರ್ಜ್‌ನಿಂದ ಗುಣಿಸಿದ್ದು. ಎರಡನ್ನೂ ಕೂಡಿಸಿ, ಪೂರ್ಣಾಂಕ ಬಿಟ್ಟು ದಶಮಾಂಶ ಭಾಗ ಮಾತ್ರ ಉಳಿಸಿಕೊಳ್ಳಿ. ಅದು 0.5ಕ್ಕಿಂತ ಕಡಿಮೆಯಾದರೆ ಕಪ್ಪು, ಇಲ್ಲವಾದರೆ ಬಿಳಿ. ಅಷ್ಟೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಕೋನದ್ದು. ಪೂರ್ತಿ 360 ಡಿಗ್ರಿ ಕೊಡುವ, ಎರಡು ಸಂಖ್ಯೆ ಕೇಳುವ ಆರ್ಕ್‌ಟ್ಯಾನ್ ಫಂಕ್ಷನ್ ಬಳಸಬೇಕು. ಒಂದೇ ಸಂಖ್ಯೆ ತೆಗೆದುಕೊಳ್ಳುವ ಮಾಮೂಲಿ ಆರ್ಕ್‌ಟ್ಯಾನ್ 180 ಡಿಗ್ರಿಗೇ ನಿಲ್ಲುತ್ತದೆ. ಚಿತ್ರದಲ್ಲಿ ಕವಲಿನ ಬದಲು ನಡುವೆ ಮೇಲಿಂದ ಕೆಳಗಿನವರೆಗೆ ಬಿರುಕಿನ ಹಾಗೆ ಕಂಡರೆ ಇದೇ ಕಾರಣ. ಖಚಿತ ಮಾಡಿಕೊಳ್ಳಲು ಚಿತ್ರ ದೊಡ್ಡದು ಮಾಡಿ, ಕವಲಿನ ತುಸು ಮೇಲೆ ಒಂದು ಸಲ, ತುಸು ಕೆಳಗೆ ಇನ್ನೊಂದು ಸಲ, ಎಡ ಅಂಚಿನಿಂದ ಬಲ ಅಂಚಿನವರೆಗೆ ಗೆರೆಗಳನ್ನು ಎಣಿಸಿ. ವ್ಯತ್ಯಾಸ ಎಷ್ಟೋ ಚಾರ್ಜ್ ಅಷ್ಟು.

ಈಗ ಫಿಲ್ಮ್. 600 ಡಿಪಿಐ ಲೇಸರ್ ಪ್ರಿಂಟರ್‌ನ ಒಂದು ಚುಕ್ಕೆ 42 ಮೈಕ್ರಾನ್. ಒಂದು ಕಪ್ಪು-ಬಿಳಿ ಜೋಡಿಗೆ ಐದು ಚುಕ್ಕೆ ಕೊಟ್ಟರೂ ಅಂತರ 200 ಮೈಕ್ರಾನ್ ದಾಟುತ್ತದೆ, ಅಂಚೂ ಒರಟು. ಓಎಚ್‌ಪಿ ಹಾಳೆಯ ಮೇಲೆ ಹಾಗೆ ಮಾಡಿ ಕಲಿಯಬಹುದು, ಅಳತೆಗೆ ಆಗುವುದಿಲ್ಲ. ಆಫ್‌ಸೆಟ್ ಅಥವಾ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಪಾಸಿಟಿವ್ ಫಿಲ್ಮ್ ತೆಗೆದುಕೊಡುವವರನ್ನು ಹುಡುಕಿ. ಅವರ ಇಮೇಜ್‌ಸೆಟ್ಟರ್ 2540 ಡಿಪಿಐ ಆದರೆ ಒಂದು ಚುಕ್ಕೆ ಸರಿಯಾಗಿ 10 ಮೈಕ್ರಾನ್. ನಿಮ್ಮ 1000 ಪಿಕ್ಸೆಲ್ ಚಿತ್ರ 10 ಮಿ.ಮೀ. ಆಗುತ್ತದೆ, ಗೆರೆಯ ಅಂತರ 100 ಮೈಕ್ರಾನ್.

ಅವರಿಗೆ ಮೂರು ಮಾತು ಹೇಳಿ: ಅಳತೆ ಬದಲಿಸಬೇಡಿ, ಹಾಫ್‌ಟೋನ್ ಸ್ಕ್ರೀನ್ ಹಾಕಬೇಡಿ, ಅಂಚು ನಯ ಮಾಡಬೇಡಿ. ಫೈಲು ಒಂದು-ಬಿಟ್ ಟಿಫ್ ಆಗಿರಲಿ. ಜೆಪೆಗ್ ಬೇಡ. ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅದೇ ಜೆಪೆಗ್ ಮಾಡಿಬಿಡುತ್ತದೆ. ಪೆನ್‌ಡ್ರೈವ್ ಹಿಡಿದು ಹೋಗಿ. ಒಂದೇ ಹಾಳೆಯಲ್ಲಿ ಚಾರ್ಜ್ 1, 2, 3, ಜೊತೆಗೆ ಕವಲಿಲ್ಲದ ಸಾದಾ ಗ್ರೇಟಿಂಗ್ ಒಂದು, ಪ್ರತಿಯೊಂದರ ಮೂರು ನಾಲ್ಕು ಪ್ರತಿ ಹಾಕಿಸಿ. ಫಿಲ್ಮ್‌ನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಕೆಲವು ಪ್ರತಿ ಚೆನ್ನಾಗಿರುತ್ತವೆ, ಕೆಲವು ಕಿರಣ ಸೊಟ್ಟ ಮಾಡುತ್ತವೆ.

ಪಾಸಿಟಿವ್ ಬದಲು ನೆಗೆಟಿವ್ ಬಂದರೂ ಚಿಂತೆಯಿಲ್ಲ, ಚಾರ್ಜ್ ಬದಲಾಗುವುದಿಲ್ಲ. ಫಿಲ್ಮನ್ನು ಪುಟದ ಹಾಗೆ ಎಡ-ಬಲ ತಿರುವಿದರೂ ಏನೂ ಆಗುವುದಿಲ್ಲ. ತಲೆಕೆಳಗು ಮಾಡಿದರೆ ಮಾತ್ರ ಬಲಗಡೆಯ ಆರ್ಡರ್‌ನ ಸುಳಿ ತಿರುಗುವ ದಿಕ್ಕು ಬದಲಾಗುತ್ತದೆ. ಅದಕ್ಕೇ ಮೂಲೆಯಲ್ಲಿ ‘ಮೇಲೆ’ ಎಂದು ಗುರುತು ಹಾಕಿಸಿ.

## ಹಂತ 4: ಫಿಲ್ಮ್ ಇಲ್ಲದೆ ಫೋಕಸ್ ನೋಡಿ

ಸುಮ್ನೆ ಬಿಟ್ಟುಬಿಡುವ ಹಂತ ಇದು, ಬಿಡಬೇಡಿ. 1 ಮೀಟರ್ ಲೆನ್ಸ್ ಇಟ್ಟು ಅದರ ಫೋಕಸ್‌ನಲ್ಲಿ ವೆಬ್‌ಕ್ಯಾಮ್ ಇಡಿ. ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಗೇನ್ ಕನಿಷ್ಠಕ್ಕೆ ಇಳಿಸಿ. ಅತಿ ಪ್ರಕಾಶದ ಪಿಕ್ಸೆಲ್ 200ರ ಆಸುಪಾಸು ಇರಲಿ. 255 ತಲುಪಿದರೆ ಆ ಚಿತ್ರವನ್ನು ನಂಬುವಂತಿಲ್ಲ.

ಕಾಣಬೇಕಾದ್ದು ಸುಮಾರು 0.1 ಮಿ.ಮೀ. ಅಗಲದ ದುಂಡು ಚುಕ್ಕೆ. ಕ್ಯಾಮೆರಾ ಮುಂದೆ-ಹಿಂದೆ ಒಂದೆರಡು ಸೆಂ.ಮೀ. ಸರಿಸಿದಾಗ ದುಂಡಗೇ ಹಿಗ್ಗಬೇಕು. ಒಂದು ಕಡೆ ಅಡ್ಡ, ಇನ್ನೊಂದು ಕಡೆ ಉದ್ದ ಆದರೆ ಲೆನ್ಸ್ ಓರೆಯಾಗಿದೆ. ಈಗಲೇ ನೆಟ್ಟಗೆ ಮಾಡಿ. ಇಲ್ಲಿ ಸೊಟ್ಟ ಇದ್ದದ್ದು ಮುಂದೆ ಉಂಗುರದಲ್ಲೂ ಸೊಟ್ಟ ಕಾಣುತ್ತದೆ.

## ಹಂತ 5: ಫಿಲ್ಮ್ ಇಟ್ಟು ಆರ್ಡರ್ ಹುಡುಕಿ

ಫಿಲ್ಮನ್ನು ರಟ್ಟಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ. ಎರಡು ಗಾಜಿನ ನಡುವೆ ಒತ್ತಬೇಡಿ, ಗಾಜು-ಫಿಲ್ಮ್ ಸಂದಿನಿಂದ ಬೇಡದ ಪಟ್ಟೆಗಳು ಬರುತ್ತವೆ. ಚೌಕಟ್ಟನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪ್‌ನ ಗಾಡಿಗೆ ಕಟ್ಟಿ, 1 ಮೀಟರ್ ಲೆನ್ಸ್‌ಗಿಂತ ಸ್ವಲ್ಪ ಮುಂಚೆ ನಿಲ್ಲಿಸಿ.

ಮೊದಲು ಸಾದಾ ಗ್ರೇಟಿಂಗ್. ಫೋಕಸ್‌ನಲ್ಲಿ ಬಿಳಿ ಕಾಗದ ಹಿಡಿದರೆ ನಡುವೆ ಜೋರಾದ ಜೀರೋ ಆರ್ಡರ್, ಎರಡೂ ಪಕ್ಕ ಮಂದವಾದ ಮೊದಲ ಆರ್ಡರ್‌ಗಳು. ದೂರ ಎಷ್ಟಿರಬೇಕು? ಫೋಕಲ್ ಲೆಂತನ್ನು ತರಂಗಾಂತರದಿಂದ ಗುಣಿಸಿ ಗೆರೆಯ ಅಂತರದಿಂದ ಭಾಗಿಸಿ. ನಮ್ಮ ಲೆಕ್ಕದಲ್ಲಿ 6.3 ಮಿ.ಮೀ. ಅಳೆದಾಗ ಇಷ್ಟು ಬರದಿದ್ದರೆ ಪ್ರೆಸ್‌ನವರು ಅಳತೆ ಬದಲಿಸಿದ್ದಾರೆ ಎಂದರ್ಥ.

ಕಪ್ಪು-ಬಿಳಿ ಸರಿಸಮ ಇದ್ದರೆ ಫಿಲ್ಮ್‌ಗೆ ಬಿದ್ದ ಬೆಳಕಿನ 25% ಜೀರೋ ಆರ್ಡರ್‌ಗೆ, ಸುಮಾರು 10% ಪ್ರತಿ ಮೊದಲ ಆರ್ಡರ್‌ಗೆ ಹೋಗುತ್ತದೆ. ಎರಡನೇ ಆರ್ಡರ್ ಇರಲೇಬಾರದು. ಚೆನ್ನಾಗಿ ಕಾಣುತ್ತಿದ್ದರೆ ಕಪ್ಪು ಗೆರೆ ಬಿಳಿಗಿಂತ ದಪ್ಪ ಅಥವಾ ತೆಳು ಆಗಿದೆ. ಸುಳಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಬೆಳಕು ಸ್ವಲ್ಪ ಹಂಚಿಹೋಗುತ್ತದೆ ಅಷ್ಟೇ.

ಈಗ ಚಾರ್ಜ್ 1ರ ಗ್ರೇಟಿಂಗ್ ಎದುರಿಗೆ ತನ್ನಿ. ಜೀರೋ ಆರ್ಡರನ್ನು ಕಪ್ಪು ಕಾಗದದಿಂದ ಮುಚ್ಚಿ. ವೆಬ್‌ಕ್ಯಾಮನ್ನು ಮೊದಲ ಆರ್ಡರ್‌ಗೆ ಸರಿಸಿ. ಉಂಗುರ ತುಂಬ ಚಿಕ್ಕದು, ಅಡ್ಡಗಲ ಸುಮಾರು 0.09 ಮಿ.ಮೀ. 3 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ 30 ಪಿಕ್ಸೆಲ್. ಬರಿಗಣ್ಣಿಗೆ, ಕಾಗದದ ಮೇಲೆ, ಇದು ಚುಕ್ಕೆಯಾಗಿಯೇ ಕಾಣುತ್ತದೆ. ‘ಉಂಗುರ ಬರಲೇ ಇಲ್ಲ’ ಎನ್ನುವವರು ಹಲವು ಸಲ ಉಂಗುರವನ್ನು ನೋಡುತ್ತಲೇ ಇರುತ್ತಾರೆ, ಗೊತ್ತಾಗಿರುವುದಿಲ್ಲ.

## ಹಂತ 6: ಕವಲನ್ನು ನಟ್ಟನಡುವೆ ತನ್ನಿ

ಕ್ಯಾಮೆರಾದಲ್ಲಿ ಮೊದಲು ಕಾಣುವುದು ಹೆಚ್ಚಾಗಿ ಅರ್ಧಚಂದ್ರ. ಕವಲು ಕಿರಣದ ನಡುವಿನಲ್ಲಿಲ್ಲ, ಅದಕ್ಕೆ. ಸರಿಸಬೇಕು, ಆದರೆ ಯಾವ ಕಡೆ?

ಇಲ್ಲಿ ತಲೆ ಕೆಡಿಸುವ ಸಂಗತಿ ಒಂದಿದೆ. ಫೋಕಸ್‌ನಲ್ಲಿ ಎಲ್ಲವೂ 90 ಡಿಗ್ರಿ ತಿರುಗಿ ಕಾಣುತ್ತದೆ. ಫಿಲ್ಮನ್ನು ಎಡ-ಬಲ ಸರಿಸಿದರೆ ಉಂಗುರದ ಮೇಲ್ಭಾಗವೋ ಕೆಳಭಾಗವೋ ಮಸುಕಾಗುತ್ತದೆ. ಮೇಲೆ-ಕೆಳಗೆ ಸರಿಸಿದರೆ ಎಡವೋ ಬಲವೋ ಮಸುಕಾಗುತ್ತದೆ. ಇದು ಗೊತ್ತಿಲ್ಲದವರು ಮೇಲ್ಭಾಗ ಮಸುಕಾಗಿದೆ ಎಂದು ಮೇಲಿನ ತಿರುಪು ತಿರುಗಿಸುತ್ತಾರೆ, ಈಗ ಎಡಭಾಗವೂ ಕೆಡುತ್ತದೆ. ಆಮೇಲೆ ಫಿಲ್ಮನ್ನೇ ಬೈಯುತ್ತಾರೆ. ತಪ್ಪು ಫಿಲ್ಮ್‌ನದ್ದೂ ಅಲ್ಲ, ಸ್ಟೇಜಿನದ್ದೂ ಅಲ್ಲ. ನಡುವಿನಿಂದ ಜರುಗಿದ ಸುಳಿಯ ಫೇಸ್‌ಗೂ ಸುತ್ತಲಿನ ಬೆಳಕಿನ ಫೇಸ್‌ಗೂ ಇರುವ ಸಂಬಂಧ ಫೋಕಸ್ ತಲುಪುವಷ್ಟರಲ್ಲಿ ಕಾಲು ಸುತ್ತು ತಿರುಗಿರುತ್ತದೆ.

ಇದರಿಂದ ಉಪಯೋಗವೂ ಇದೆ. ಫಿಲ್ಮನ್ನು ಬಲಕ್ಕೆ ಅರ್ಧ ಮಿ.ಮೀ. ಸರಿಸಿ. ಒಂದು ಪಕ್ಕದ ಆರ್ಡರ್‌ನಲ್ಲಿ ಮೇಲ್ಭಾಗ ಮಸುಕಾದರೆ ಇನ್ನೊಂದು ಪಕ್ಕದ್ದರಲ್ಲಿ ಕೆಳಭಾಗ ಮಸುಕಾಗಬೇಕು. ಎರಡು ಪಕ್ಕದ ಸುಳಿಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ, ಅದಕ್ಕೇ ಹೀಗೆ. ಎರಡರಲ್ಲೂ ಒಂದೇ ಭಾಗ ಮಸುಕಾದರೆ ನಿಮಗೆ ಸಿಕ್ಕಿರುವುದು ಸುಳಿಯಲ್ಲ, ಬೇರೆ ಏನೋ.

ಒಂದು ತಿರುಪು ಹಿಡಿದು ಉಂಗುರ ಆ ದಿಕ್ಕಿನಲ್ಲಿ ಸಮವಾಗುವ ತನಕ ಸರಿಸಿ, ವರ್ನಿಯರ್ ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಂದು ತಿರುಪು. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ.

## ಹಂತ 7: ಸುಳಿಯೇ ಎಂದು ಖಚಿತ ಮಾಡಿ

ಈ ಬರಹದಲ್ಲಿ ಒಂದೇ ಹಂತ ಓದಲು ಪುರುಸೊತ್ತು ಇದ್ದರೆ ಇದನ್ನು ಓದಿ.

ಮೊದಲ ಪರೀಕ್ಷೆ ಸುಲಭದ್ದು. ಕವಲು ಕಿರಣದಿಂದ ಪೂರ್ತಿ ಹೊರಗೆ ಹೋಗುವಂತೆ ಫಿಲ್ಮ್ ಸರಿಸಿ, ಅಥವಾ ಸಾದಾ ಗ್ರೇಟಿಂಗ್ ತನ್ನಿ. ಉಂಗುರ ಮುಚ್ಚಿಕೊಂಡು ಚುಕ್ಕೆ ಆಗಬೇಕು. ಕಪ್ಪು ನಡು ಹಾಗೇ ಉಳಿದರೆ ಅದು ಪಿನ್‌ಹೋಲ್‌ನದ್ದೋ ಕ್ಯಾಮೆರಾದ ಧೂಳಿನದ್ದೋ.

ಎರಡನೆಯದು, ಕ್ಯಾಮೆರಾವನ್ನು ಫೋಕಸ್‌ನ ಮುಂದೆ-ಹಿಂದೆ ಒಂದೆರಡು ಸೆಂ.ಮೀ. ಓಡಾಡಿಸಿ. ಸುಳಿಯ ನಡು ಎಲ್ಲಿ ನೋಡಿದರೂ ಕಪ್ಪು. ಅಡ್ಡಿ ಇಟ್ಟು ಬಂದ ಸುಳ್ಳು ಉಂಗುರದ ನಡು ದೂರ ಬದಲಾದಂತೆ ಬೆಳಗುತ್ತದೆ, ಮತ್ತೆ ಕಪ್ಪಾಗುತ್ತದೆ.

ಈ ಎರಡು ಪರೀಕ್ಷೆಗಳು ಸುಳ್ಳನ್ನು ಸೋಸುತ್ತವೆ, ನಿಜವನ್ನು ತೋರಿಸುವುದಿಲ್ಲ. ಅದಕ್ಕೆ ಮೂರನೆಯದು ಬೇಕು: ಓರೆ ಲೆನ್ಸ್ ಪರೀಕ್ಷೆ. ಅಹಮದಾಬಾದ್‌ನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು 2013ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಹೊಸ ಸಾಮಾನು ಒಂದೂ ಬೇಡ. ಹಂತ 4ರಲ್ಲಿ ಕಷ್ಟಪಟ್ಟು ನೆಟ್ಟಗೆ ಮಾಡಿದ ಲೆನ್ಸನ್ನು ಈಗ ಬೇಕೆಂದೇ ಓರೆ ಮಾಡುತ್ತೇವೆ.

1 ಮೀಟರ್ ಲೆನ್ಸನ್ನು ಅದರ ಕಂಬದ ಮೇಲೆ 10 ಡಿಗ್ರಿ ತಿರುಗಿಸಿ. ಈಗ ಅಡ್ಡ ಫೋಕಸ್ ಒಂದು ಕಡೆ, ಉದ್ದ ಫೋಕಸ್ ಇನ್ನೊಂದು ಕಡೆ, ನಡುವೆ ಸುಮಾರು 3 ಸೆಂ.ಮೀ. ಅಂತರ. ನೋಡಬೇಕಾದ ಜಾಗ ಈ ಎರಡರ ಮಧ್ಯ. ಹಳೆಯ ಫೋಕಸ್‌ಗಿಂತ 2–3 ಸೆಂ.ಮೀ. ಲೆನ್ಸ್ ಕಡೆಗೆ ಇರುತ್ತದೆ. ಸರಿಯಾದ ಜಾಗ ಸಿಗಲು ಜೀರೋ ಆರ್ಡರ್‌ನ ಸಹಾಯ ಪಡೆಯಿರಿ. ಬೆಳಕು ತಗ್ಗಿಸಿ, ಕ್ಯಾಮೆರಾವನ್ನು ಅದರ ಮೇಲೆ ತನ್ನಿ. ಅದು ಅಡ್ಡ ಗೆರೆಯೂ ಅಲ್ಲದೆ ಉದ್ದ ಗೆರೆಯೂ ಅಲ್ಲದೆ ದುಂಡಗೆ ಕಾಣುವ ದೂರವೇ ಮಧ್ಯ. ಅಲ್ಲಿಂದ ಕ್ಯಾಮೆರಾವನ್ನು ಪಕ್ಕಕ್ಕೆ ಮಾತ್ರ ಸರಿಸಿ ಮೊದಲ ಆರ್ಡರ್‌ಗೆ ಬನ್ನಿ.

ಚಾರ್ಜ್ 1 ಆದರೆ ಉಂಗುರ ಒಡೆದು ಎರಡು ಬೆಳಕಿನ ಹೋಳು, ನಡುವೆ ಒಂದು ಕಪ್ಪು ಗೆರೆ. ಗೆರೆ ಸುಮಾರು 45 ಡಿಗ್ರಿ ಓರೆ. ಚಾರ್ಜ್ 2 ಆದರೆ ಮೂರು ಹೋಳು, ಎರಡು ಕಪ್ಪು ಗೆರೆ. ಕಪ್ಪು ಗೆರೆ ಎಷ್ಟೋ ಚಾರ್ಜ್ ಅಷ್ಟು. ಈಗ ಇನ್ನೊಂದು ಪಕ್ಕದ ಆರ್ಡರ್‌ಗೆ ಹೋಗಿ. ಗೆರೆ ಎದುರು ದಿಕ್ಕಿಗೆ ವಾಲಿರಬೇಕು. ಧೂಳು, ಪಿನ್‌ಹೋಲ್, ಕ್ಯಾಮೆರಾ ಯಾವುದೂ ಈ ಎರಡು ಚಿತ್ರಗಳನ್ನು ಹೀಗೆ ಕನ್ನಡಿಬಿಂಬದಂತೆ ಕೊಡಲಾರವು. ರಿಪೋರ್ಟಿಗೆ ಈ ಜೋಡಿ ಹಾಕಿ, ಬರೀ ಉಂಗುರ ಬೇಡ.

ಹೋಳುಗಳು ಸ್ಪಷ್ಟ ಇಲ್ಲದಿದ್ದರೆ ಓರೆಯನ್ನು ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಮಾಡಿ. 10 ಡಿಗ್ರಿ ಎಂದದ್ದು 7.5 ಮಿ.ಮೀ. ಕಿರಣಕ್ಕೆ, 1 ಮೀಟರ್ ಲೆನ್ಸ್‌ಗೆ. ಕಿರಣ ಸಣ್ಣದಾದರೆ ಓರೆ ಹೆಚ್ಚು ಬೇಕು.

ಮ್ಯಾಕ್-ಜೆಂಡರ್ ಜೋಡಣೆ (ಕಿರಣವನ್ನು ಎರಡಾಗಿ ಒಡೆದು ಮತ್ತೆ ಸೇರಿಸುವಂಥದ್ದು) ಇದ್ದವರು ಸಾದಾ ಕಿರಣದ ಜೊತೆ ಸುಳಿಯನ್ನು ಸೇರಿಸಿ ಕವಲೊಡೆದ ಪಟ್ಟೆ ನೋಡಬಹುದು. ಒಂದು ಎಚ್ಚರಿಕೆ: ಪ್ರತಿ ಕನ್ನಡಿಯಲ್ಲೂ ಸುಳಿಯ ದಿಕ್ಕು ತಿರುಗುತ್ತದೆ. ಚಿಹ್ನೆ ಬರೆಯುವ ಮುನ್ನ ಕನ್ನಡಿ ಎಣಿಸಿ.

## ಹಂತ 8: ಚಾರ್ಜ್ ಏರಿಸುವಾಗ

ಚಾರ್ಜ್ 2ಕ್ಕೆ ಹೋದ ಕೂಡಲೇ ಹೊಸ ತಂಟೆ. ನಡುವೆ ಒಂದು ದೊಡ್ಡ ಕಪ್ಪು ಚುಕ್ಕೆಯ ಬದಲು ಎರಡು ಸಣ್ಣ ಕಪ್ಪು ಚುಕ್ಕೆ ಕಾಣುತ್ತವೆ. ಸ್ವಲ್ಪವೇ ಕಳ್ಳ ಬೆಳಕು ಸೇರಿಕೊಂಡರೂ ಚಾರ್ಜ್ 2ರ ಸುಳಿ ಚಾರ್ಜ್ 1ರ ಎರಡು ಸುಳಿಗಳಾಗಿ ಒಡೆಯುತ್ತದೆ. ಜೀರೋ ಆರ್ಡರ್‌ನ ಚದುರಿದ ಬೆಳಕು, ಲೆನ್ಸ್‌ನ ಒಳ ಪ್ರತಿಫಲನ, ಲೆನ್ಸ್‌ನ ಸಣ್ಣ ಓರೆ, ಎಲ್ಲವೂ ಸಾಕು. ಫೋಕಸ್ ಹತ್ತಿರ ಸಣ್ಣ ತೂತಿನ ಕಪ್ಪು ಕಾಗದ ಇಟ್ಟು ಮೊದಲ ಆರ್ಡರ್ ಮಾತ್ರ ಬಿಡಿ. ಒಟ್ಟು ಚಾರ್ಜ್ ಇದರಿಂದ ಬದಲಾಗಿರುವುದಿಲ್ಲ, ಆದ್ದರಿಂದ ಗಾಬರಿ ಬೇಡ. ಆದರೆ ‘ಶುದ್ಧ ಚಾರ್ಜ್ 2’ ಎಂದು ಬರೆಯಲೂ ಆಗದು.

## ಎಸ್‌ಎಲ್‌ಎಂ ಇರುವವರಿಗೆ

ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್ (ಎಸ್‌ಎಲ್‌ಎಂ), ಅಂದರೆ ಕಂಪ್ಯೂಟರಿನಿಂದ ಬೆಳಕಿನ ಫೇಸ್ ಬದಲಿಸುವ ಪ್ಯಾನೆಲ್, ಇದ್ದರೆ ಫಿಲ್ಮ್ ಬೇಡ, ಕವಲನ್ನು ಮೌಸ್‌ನಿಂದಲೇ ಸರಿಸಬಹುದು. ಹಂತ 1, 2, 4 ಮಾತ್ರ ತಪ್ಪುವುದಿಲ್ಲ. ಅಲ್ಲಿ ಸೋಲುವುದು ಎರಡು ಕಡೆ. ಲೇಸರ್‌ನ ಪೋಲರೈಸೇಷನ್ ಪ್ಯಾನೆಲ್‌ನ ದಿಕ್ಕಿಗೆ ಹೊಂದದೆ ಇರುವುದು ಒಂದು. ಬೇರೆ ತರಂಗಾಂತರದ ಕ್ಯಾಲಿಬ್ರೇಷನ್ ಫೈಲ್ ಹಾಕಿರುವುದು ಇನ್ನೊಂದು. ಕ್ಯಾಲಿಬ್ರೇಷನ್ ಸರಿ ಇದ್ದರೂ ಗ್ರೇಟಿಂಗ್ ಇಲ್ಲದೆ ಬರೀ ಸುರುಳಿ ಫೇಸ್ ಹಾಕಬೇಡಿ. ಪ್ಯಾನೆಲ್‌ನ ಮೇಲ್ಮೈಯಿಂದ ಹಾಗೇ ಮರಳುವ ಬೆಳಕು ಅದೇ ದಾರಿಯಲ್ಲಿ ಬಂದು ಸುಳಿಯ ನಡುವನ್ನು ತುಂಬುತ್ತದೆ.

## ಪಲ್ಸ್ ಲೇಸರ್‌ಗೆ ಹೋಗುವ ಮುನ್ನ

ಇದೇ ಫಿಲ್ಮನ್ನು ಫೆಮ್ಟೋಸೆಕೆಂಡ್ ಲೇಸರ್ ಮುಂದೆ ಇಡುವ ಆಸೆ ಸಹಜ. ಮೊದಲನೆಯದಾಗಿ, ಬಿದ್ದ ಬೆಳಕಿನ ಅರ್ಧವನ್ನು ಫಿಲ್ಮ್‌ನ ಕಪ್ಪು ಗೆರೆಗಳೇ ತಡೆಯುತ್ತವೆ, ಜೋರು ಲೇಸರ್‌ಗೆ ಅದು ಸುಟ್ಟುಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ.

800 ನ್ಯಾನೋಮೀಟರ್‌ನಲ್ಲಿ 100 ಫೆಮ್ಟೋಸೆಕೆಂಡ್ ಪಲ್ಸ್ ಅಂದರೆ ಕನಿಷ್ಠ 9 ನ್ಯಾನೋಮೀಟರ್‌ಗೂ ಹೆಚ್ಚು ಬಣ್ಣದ ಹರವು. ಗ್ರೇಟಿಂಗ್ ಪ್ರತಿ ಬಣ್ಣವನ್ನೂ ಬೇರೆ ಕೋನಕ್ಕೆ ಕಳಿಸುತ್ತದೆ. 100 ಮೈಕ್ರಾನ್ ಗೆರೆಗೆ ಈ ಹರವು ಸುಮಾರು 94 ಮೈಕ್ರೋರೇಡಿಯನ್. ನಮ್ಮ 7.5 ಮಿ.ಮೀ. ಕಿರಣದ ಸ್ವಂತ ಹರಡುವಿಕೆ ಅರ್ಧಕೋನದಲ್ಲಿ 70 ಮೈಕ್ರೋರೇಡಿಯನ್ ಆಸುಪಾಸು. ಎರಡೂ ಸರಿಸಮ! ಹಾಗಾಗಿ ಉಂಗುರ ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ, ನಡುವಿನ ಕಪ್ಪು ತುಂಬಿಹೋಗುತ್ತದೆ.

ಸಮಯದ ಕಡೆಯಿಂದಲೂ ನೋಡಿ. ಪಕ್ಕಪಕ್ಕದ ಎರಡು ಗೆರೆಗಳಿಂದ ಮೊದಲ ಆರ್ಡರ್‌ಗೆ ಬರುವ ಬೆಳಕಿನ ನಡುವೆ ಒಂದು ತರಂಗದಷ್ಟು ದಾರಿಯ ವ್ಯತ್ಯಾಸ ಇರುತ್ತದೆ. 7.5 ಮಿ.ಮೀ.ನಲ್ಲಿ 75 ಗೆರೆ, ಅಂದರೆ ಒಂದು ಅಂಚಿನಿಂದ ಇನ್ನೊಂದಕ್ಕೆ 60 ಮೈಕ್ರಾನ್, ಅಂದರೆ 200 ಫೆಮ್ಟೋಸೆಕೆಂಡ್. ಪಲ್ಸ್‌ನ ಉದ್ದವೇ 100, ಓರೆಯೇ 200. ಪಲ್ಸ್‌ನ ಒಂದು ಅಂಚು ಮುಗಿದ ಮೇಲೆ ಇನ್ನೊಂದು ಅಂಚು ಬರುತ್ತದೆ. ಫೋಕಸ್‌ನಲ್ಲಿ ಇದು ಉದ್ದವಾದ ಪಲ್ಸ್ ಆಗಿ ಕಾಣಿಸಿಕೊಳ್ಳುತ್ತದೆ.

ಪರಿಹಾರ ಎರಡು ಥರ. ಅದೇ ಅಂತರದ ಸಾದಾ ಗ್ರೇಟಿಂಗ್ ಇನ್ನೊಂದನ್ನು ಎರಡು ಲೆನ್ಸ್‌ಗಳ ಆಚೆ, ಮೊದಲನೆಯದರ ಬಿಂಬ ಬೀಳುವ ಜಾಗದಲ್ಲಿ ಇಟ್ಟು ಹರಡಿದ ಬಣ್ಣಗಳನ್ನು ಮತ್ತೆ ಕೂಡಿಸುವುದು ಒಂದು. ಬೆಳಕು ಬಹಳ ಪೋಲಾಗುತ್ತದೆ. ಗ್ರೇಟಿಂಗ್ ಬಿಟ್ಟು ಸುರುಳಿ ಫೇಸ್ ಪ್ಲೇಟ್ (ಸುತ್ತು ಮೆಟ್ಟಿಲಿನ ಹಾಗೆ ದಪ್ಪ ಏರುವ ತಟ್ಟೆ) ಅಥವಾ ಕ್ಯೂ-ಪ್ಲೇಟ್ (ಪೋಲರೈಸೇಷನ್ ಬದಲಿಸಿ ಸುಳಿ ಮಾಡುವ ತಟ್ಟೆ) ಬಳಸುವುದು ಇನ್ನೊಂದು. ಸುರುಳಿ ಪ್ಲೇಟನ್ನು ಒಂದು ತರಂಗಾಂತರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. 100 ಫೆಮ್ಟೋಸೆಕೆಂಡ್‌ಗೆ ಅದರ ತಪ್ಪು 1%ಕ್ಕಿಂತ ಕಡಿಮೆ, ಲೆಕ್ಕಕ್ಕಿಲ್ಲ. 10 ಫೆಮ್ಟೋಸೆಕೆಂಡ್‌ಗೆ ಅಂಚಿನ ಬಣ್ಣಗಳಲ್ಲಿ 6% ಆಸುಪಾಸು ಆಗುತ್ತದೆ, ಅಲ್ಲಿ ಚಾರ್ಜ್ ಪೂರ್ಣಾಂಕವಾಗಿ ಉಳಿಯುವುದಿಲ್ಲ. ಕ್ಯೂ-ಪ್ಲೇಟ್ ನಿಂತಿರುವುದು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಎಸ್. ಪಂಚರತ್ನಂ 1956ರಲ್ಲಿ ಬರೆದ ಪೋಲರೈಸೇಷನ್ ಫೇಸ್‌ನ ಮೇಲೆ. ಆ ಫೇಸ್ ಬಣ್ಣದ ಮೇಲೆ ನಿಂತಿಲ್ಲ. ಬಣ್ಣ ಬದಲಾದರೆ ಸುಳಿಯಾಗುವ ಬೆಳಕಿನ ಪಾಲು ಕಡಿಮೆಯಾಗುತ್ತದೆಯೇ ಹೊರತು ಸುಳಿಯ ಚಾರ್ಜ್ ಕೆಡುವುದಿಲ್ಲ. ಸುಳಿಯಾಗದೆ ಉಳಿದ ಬೆಳಕನ್ನು ವೃತ್ತ ಪೋಲರೈಸರ್‌ನಿಂದ ತೆಗೆದುಹಾಕಬಹುದು.

‘ಆಕಾರ ಕೊಟ್ಟ ಕಿರಣ ಖಾಲಿ ಜಾಗದಲ್ಲೂ ನಿಧಾನ ಹೋಗುತ್ತದಂತೆ, ಅಳೆಯಬಹುದಾ?’ ಎಂದು ಕೇಳುವವರಿದ್ದಾರೆ. ಹೌದು, ಗ್ಲಾಸ್ಗೋದ ತಂಡ 2015ರಲ್ಲಿ ಒಂಟಿ ಫೋಟಾನ್‌ಗಳಲ್ಲಿ ಅದನ್ನು ತೋರಿಸಿತು. ಆದರೆ ಹಿಂದೆ ಬೀಳುವುದು ಸುಮಾರು 1 ಮೀಟರ್ ದಾರಿಗೆ ಕೆಲವೇ ಮೈಕ್ರಾನ್. ಮೇಲಿನ 60 ಮೈಕ್ರಾನ್ ಓರೆಯನ್ನು ತೆಗೆಯದೆ ಅದಕ್ಕೆ ಕೈ ಹಾಕಿದರೆ ನೀವು ಅಳೆಯುವುದು ನಿಮ್ಮ ಗ್ರೇಟಿಂಗನ್ನೇ.

ಪಲ್ಸ್‌ನಲ್ಲಿ ಉಂಗುರ ಸೊಟ್ಟ ಬಂದಾಗ ತಪ್ಪು ಬಣ್ಣದ್ದೋ ಜೋಡಣೆಯದ್ದೋ ಎಂದು ತಿಳಿಯಲು ಲೇಸರ್ ಮುಂದೆ 1 ನ್ಯಾನೋಮೀಟರ್ ಬ್ಯಾಂಡ್‌ಪಾಸ್ ಫಿಲ್ಟರ್ ಇಡಿ. ಉಂಗುರ ದುಂಡಗಾದರೆ ಬಣ್ಣದ ಹರವಿನ ತೊಂದರೆ, ಗ್ರೇಟಿಂಗ್ ಬದಲಿಸಬೇಕು. ಸೊಟ್ಟವಾಗಿಯೇ ಉಳಿದರೆ ಹಂತ 4ಕ್ಕೆ ವಾಪಸ್ ಹೋಗಿ.